ಉಕ್ಕಿನ ಮೈಯಿಂದ ಇಂಗಾಲ ಹೋಗುವುದಕ್ಕೆ ಏನನ್ನೋಣ?

ಡಿಕಾರ್ಬರೈಸೇಶನ್‌ಗೆ ಕನ್ನಡದಲ್ಲಿ ಯಾವ ಪದ ಹೊಂದುತ್ತದೆ? ವರ್ಕ್‌ಶಾಪಿನಲ್ಲಿ ‘ಡಿಕಾರ್ಬ್ ಆಗಿದೆ’ ಅಂದರೆ ಮುಗಿಯಿತು. ಬರಹದಲ್ಲಿ ‘ವಿಕಾರ್ಬನೀಕರಣ’ ಅಂತ ಹಾಕಿದರೆ ಓದುವವರ ಕಣ್ಣಿಗೆ ಏನೂ ಕಟ್ಟುವುದಿಲ್ಲ. ‘ಇಂಗಾಲಮುಕ್ತ’ ಅಂದರೆ ಈಗ ಎಲ್ಲರ ಮನಸ್ಸೂ ಹವಾಮಾನದ ಕಡೆ ಹೋಗುತ್ತದೆ. ಅದು ಡಿಕಾರ್ಬನೈಸೇಶನ್, ಬೇರೆಯೇ ವಿಷಯ.

ಆಗುವುದೇನು ಅಂತ ಹೇಳಿಬಿಡುತ್ತೇನೆ, ಪದ ಅದಕ್ಕೆ ಒಪ್ಪಬೇಕಲ್ವಾ? ಉಕ್ಕನ್ನು ಗಾಳಿಯಾಡುವ ಕುಲುಮೆಯಲ್ಲಿ ಸುಮಾರು 700 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿದರೆ, ಮೈಮೇಲಿನ ಇಂಗಾಲ ಆಮ್ಲಜನಕದ ಜೊತೆ ಸೇರಿ ಅನಿಲವಾಗಿ ಹೋಗುತ್ತದೆ. ಮೈ ಬರಿದಾದಂತೆ ಒಳಗಿನ ಇಂಗಾಲ ಹೊರಕ್ಕೆ ಸರಿಯುತ್ತದೆ. ಅದೂ ಹೋಗುತ್ತದೆ. ಹಾಗಾಗಿ ‘ಇಂಗಾಲನಾಶ’ ಸರಿಯಲ್ಲ. ಇಲ್ಲಿ ಯಾವುದೂ ನಾಶವಾಗುತ್ತಿಲ್ಲ, ಜಾಗ ಬಿಟ್ಟು ಹೋಗುತ್ತಿದೆ ಅಷ್ಟೆ.

0.6% ಇಂಗಾಲವಿರುವ, ನಿಧಾನವಾಗಿ ತಣಿದ ಸ್ಪ್ರಿಂಗ್ ಉಕ್ಕಿನ ತುಂಡನ್ನು ಅಡ್ಡ ಕೊಯ್ದು, ನುಣ್ಣಗೆ ಉಜ್ಜಿ, ನೈಟಾಲ್ (ಆಲ್ಕೊಹಾಲಿನಲ್ಲಿ ಬೆರೆಸಿದ ನೈಟ್ರಿಕ್ ಆಮ್ಲ) ಹಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡಿ. ಒಳಗೆಲ್ಲ ಇಂಗಾಲ ಹೆಚ್ಚಿರುವ ಕಪ್ಪು ಪರ್ಲೈಟ್, ಅದರ ಸುತ್ತ ಫೆರೈಟಿನ, ಅಂದರೆ ಹೆಚ್ಚುಕಡಿಮೆ ಇಂಗಾಲವಿಲ್ಲದ ಕಬ್ಬಿಣದ, ತೆಳು ಬಿಳಿ ಗೆರೆ. ಅಂಚಿನ ಕಡೆ ಬಂದಂತೆ ಬಿಳಿ ಜಾಸ್ತಿ. ಇಂಗಾಲ ತೀರಾ ಹೋಗಿದ್ದರೆ ತುದಿಯಲ್ಲಿ ಬರೀ ಫೆರೈಟ್. ಕೆಲವೊಮ್ಮೆ ಅದರ ಹರಳುಗಳು ಮೈಯಿಂದ ಒಳಕ್ಕೆ ಕಂಬಗಳಂತೆ ಸಾಲಾಗಿ ನಿಂತಿರುತ್ತವೆ. 727 ಮತ್ತು 912 ಡಿಗ್ರಿಗಳ ನಡುವೆ ಕಾಯಿಸಿದಾಗ ಇಂಗಾಲ ಹೋದ ಮೈ ಆ ಬಿಸಿಯಲ್ಲೇ ಫೆರೈಟ್ ಆಗಿ ಒಳಮುಖವಾಗಿ ಬೆಳೆಯುತ್ತದೆ. ಆ ಕಂಬಗಳು ಇದರ ಗುರುತು. 912 ದಾಟಿದರೆ ಮೈಯೂ ಆಸ್ಟೆನೈಟ್ (ಬಿಸಿಯಲ್ಲಿ ಇಂಗಾಲವನ್ನು ಕರಗಿಸಿಕೊಳ್ಳುವ ಉಕ್ಕಿನ ರೂಪ) ಆಗಿಯೇ ಉಳಿಯುತ್ತದೆ. ಆಗ ಇಂಗಾಲ ಮೆಲ್ಲಮೆಲ್ಲಗೆ ಇಳಿಯುತ್ತದೆ, ಎದ್ದು ಕಾಣುವ ಗಡಿ ಇರುವುದಿಲ್ಲ.

ಹೀಗಾದ ಉಕ್ಕನ್ನು ಎಣ್ಣೆಯಲ್ಲಿ ಅದ್ದಿ ತಣಿಸಿದರೂ ಮೈ ಮೆದುವಾಗಿಯೇ ಉಳಿಯುತ್ತದೆ. ಹಾಗೆ ಬೇಗ ತಣಿಸಿದಾಗ ಹುಟ್ಟುವ ಗಟ್ಟಿ ರೂಪ ಮಾರ್ಟೆನ್ಸೈಟ್; ಅದಕ್ಕೆ ಗಡಸುತನ ಕೊಡುವುದೇ ಇಂಗಾಲ. ಸ್ಪ್ರಿಂಗಿನ ಮೇಲೆ ಒತ್ತಡ ಜಾಸ್ತಿ ಬೀಳುವುದು ಮೈಯಲ್ಲೇ, ಮತ್ತೆ ಮತ್ತೆ ಒತ್ತಡ ಬಿದ್ದು ಬರುವ ದಣಿವಿನ (ಫೆಟೀಗ್) ಬಿರುಕು ಹುಟ್ಟುವುದೂ ಸಾಮಾನ್ಯವಾಗಿ ಅಲ್ಲೇ.

ಇದೆಲ್ಲ ನೋಡಿದರೆ ‘ಇಂಗಾಲ ನಷ್ಟ’ ಸಾಕು ಅನ್ನಿಸಬಹುದು. ಆದರೆ ಟ್ರಾನ್ಸ್‌ಫಾರ್ಮರಿಗೆ ಬಳಸುವ ಸಿಲಿಕಾನ್ ಉಕ್ಕಿನಿಂದ ಇಂಗಾಲವನ್ನು ಬೇಕಂತಲೇ ತೆಗೆಯುತ್ತಾರೆ. ಅದನ್ನು ನಷ್ಟ ಅನ್ನುವುದು ಹೇಗೆ? ನಮ್ಮ ‘ಕಳೆ’ಗೆ ಎರಡೂ ಅರ್ಥವಿದೆ: ಕೈಬಿಟ್ಟು ಹೋಗುವುದು, ಬೇಕಂತಲೇ ತೆಗೆಯುವುದು. ಅದಕ್ಕೇ ನನ್ನ ಒಲವು ‘ಇಂಗಾಲ ಕಳೆತ’ದ ಕಡೆ. ಬರೀ ಫೆರೈಟ್ ಉಳಿದರೆ ‘ಪೂರ್ತಿ ಕಳೆತ’, ಪರ್ಲೈಟ್ ಕಡಿಮೆಯಾಗಿದ್ದರೆ ‘ಅರೆ ಕಳೆತ’. ‘ಕಳೆತ’ ಅಂದಾಗ ಕಳಿತ ಹಣ್ಣಿನ ‘ಕಳಿತ’ ಅಂತ ಕೇಳಿಸುತ್ತದೆಯೇ? ಕುಲುಮೆ ಕೆಲಸದವರ ಬಾಯಲ್ಲಿ ಇದಕ್ಕಿಂತ ಒಳ್ಳೆಯ ಮಾತು ಕೇಳಿದ್ದರೆ ದಯವಿಟ್ಟು ತಿಳಿಸಿ.