ಪದಚರ್ಚೆ: ದೋಣಿಯ ಹಿಂದೆ ಎಳೆಯುವ ಗಾಳಕ್ಕೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಮಿಶಿಗನ್ ಸರೋವರದಲ್ಲಿ ಸಾಲ್ಮನ್, ಟ್ರೌಟ್ ಮೀನು ಹಿಡಿಯುವ ಬಗೆಯನ್ನು ಹೇಳುವ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೆಲವು ಪದಗಳಿಗೆ ನಿಮ್ಮ ನೆರವು ಬೇಕು. ಮುಖ್ಯವಾದದ್ದು ಒಂದೇ, ಉಳಿದವು ಅದರ ಬೆನ್ನಿಗೇ ಬಂದವು.

ಓಡುವ ದೋಣಿಯ ಹಿಂದೆ ಗಾಳಗಳನ್ನು ಇಳಿಬಿಟ್ಟು, ನಿಧಾನವಾಗಿ ಎಳೆದುಕೊಂಡು ಹೋಗುತ್ತ ಮೀನು ಹಿಡಿಯುವುದಕ್ಕೆ ಅಲ್ಲಿ ಟ್ರೋಲಿಂಗ್ ಅನ್ನುತ್ತಾರೆ. ಇದನ್ನೇ ಕನ್ನಡ ಲಿಪಿಯಲ್ಲಿ ಬರೆದು ಮುಂದೆ ಹೋಗಬಹುದಿತ್ತು. ಆದರೆ ‘ಸಾಲ್ಮನ್ ಟ್ರೋಲಿಂಗ್’ ಎಂದು ಓದಿದವರಿಗೆ ಮೊದಲು ಹೊಳೆಯುವುದು ಜಾಲತಾಣದ ಗೇಲಿ, ಕೆಣಕಾಟ. ಆ ಅರ್ಥ ಈಗ ಕನ್ನಡದಲ್ಲಿ ಗಟ್ಟಿಯಾಗಿ ಬೇರೂರಿದೆ. ‘ಅವನನ್ನು ಟ್ರೋಲ್ ಮಾಡಿದ್ರು’ ಅಂದರೆ ಯಾರೂ ಹಾಗೆಂದರೇನು ಎಂದು ಕೇಳುವುದಿಲ್ಲ. ಕರಾವಳಿಯವರಿಗೆ ಹೊಳೆಯುವುದೇ ಬೇರೆ, ಟ್ರಾಲ್ ಬೋಟು.

ಈ ಎರಡನೆಯ ಗೊಂದಲವೇ ಹೆಚ್ಚು ತೊಂದರೆಯದು. ಟ್ರಾಲ್ ಬೋಟು ಎಳೆಯುವುದು ಬಲೆಯನ್ನು. ಚೀಲದಾಕಾರದ ದೊಡ್ಡ ಬಲೆ ಹೆಚ್ಚಾಗಿ ಕಡಲ ತಳವನ್ನು ಸವರುತ್ತ, ಎದುರು ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು ಹೋಗುತ್ತದೆ. ನಾನು ಹೇಳುತ್ತಿರುವ ಕೆಲಸದಲ್ಲಿ ಹಾಗೆ ಎಳೆಯುವ ಬಲೆಯೇ ಇಲ್ಲ. ಒಂದೊಂದು ದಾರಕ್ಕೆ ಒಂದೊಂದು ಗಾಳ, ಕಚ್ಚಿದರೆ ಒಂದು ಮೀನು. ಇಂಗ್ಲಿಷಿನಲ್ಲೂ ಇವೆರಡು ಪದಗಳು ಕಲೆತುಹೋಗುತ್ತವೆ. ಕೇರಳದ ಮಳೆಗಾಲದ ನಿಷೇಧವನ್ನು ಅಲ್ಲಿಯ ಇಂಗ್ಲಿಷ್ ಪತ್ರಿಕೆಗಳು ಎಷ್ಟೋ ಸಲ ‘ಟ್ರೋಲಿಂಗ್ ನಿಷೇಧ’ ಎಂದೇ ಬರೆಯುತ್ತವೆ, ನಿಷೇಧವಿರುವುದು ಬಲೆ ಎಳೆಯುವ ಟ್ರಾಲಿಂಗಿಗೆ. ಮೂಲ ಬರಹದಲ್ಲಿ ಒಬ್ಬ ಹವ್ಯಾಸಿ ನಾಲ್ಕಾರು ಗಾಳ ಬಿಟ್ಟುಕೊಂಡು ಬೆಳಗಿನ ಹೊತ್ತು ಕಳೆಯುತ್ತಾನೆ. ನನ್ನ ಅನುವಾದದಲ್ಲಿ ಅವನು ಸರೋವರದ ತಳ ಬಾಚುವವನಾಗಿ ಕಾಣಬಾರದು.

ನನ್ನ ಮನಸ್ಸಿಗೆ ಬಂದ ಪದ ‘ಎಳೆಗಾಳ’. ಬೀಸುವ ಬಲೆ ಬೀಸುಬಲೆ ಆದ ಹಾಗೆ ಎಳೆಯುವ ಗಾಳ ಎಳೆಗಾಳ. ಬೀಸುಕಲ್ಲು, ತೂಗುಸೇತುವೆ ಎಲ್ಲ ಇದೇ ಅಚ್ಚಿನವು, ಆದ್ದರಿಂದ ಕಟ್ಟಣೆಯ ಬಗ್ಗೆ ನನಗೆ ಅನುಮಾನವಿಲ್ಲ. ಅನುಮಾನವಿರುವುದು ‘ಎಳೆ’ಯ ಬಗ್ಗೆ. ಎಳೆಗರು, ಎಳೆಬಿಸಿಲು ಎಂಬಲ್ಲಿ ಅದು ಎಳೆಯದು, ಎಳಸು. ನೂಲಿನ ಎಳೆ ಮತ್ತೊಂದು. ಗಾಳಕ್ಕೆ ದಾರವೂ ಇರುವುದರಿಂದ ಈ ಮೂರನೆಯ ಅರ್ಥ ಸುಮ್ಮನೆ ಒಳಗೆ ನುಸುಳುತ್ತದೆ. ಆದರೂ ಗಾಳಕ್ಕೆ ಎಳಸುತನ ಎಲ್ಲಿಂದ ಬರಬೇಕು? ಒಂದು ಸಲ ವಾಕ್ಯದಲ್ಲಿ ಕೂತರೆ ಸರಿಯಾದ ಅರ್ಥವೇ ಮೇಲೆ ಬರುತ್ತದೆ ಎಂದು ನನ್ನ ಎಣಿಕೆ.

ಕ್ರಿಯಾಪದದ ತೊಡಕು ಇದಕ್ಕಿಂತ ಗಟ್ಟಿ. ‘ಗಾಳ ಎಳೆದ’ ಅಂದರೆ ನಮಗೆ ಮೀನು ಕಚ್ಚಿದ ಮೇಲೆ ಮೇಲಕ್ಕೆ ಎಳೆದುಕೊಂಡ ಎಂದೇ ಅರ್ಥ. ಇಲ್ಲಿ ಎಳೆತ ನಡೆಯುವುದು ಮೀನು ಕಚ್ಚುವ ಮೊದಲು, ಗಂಟೆಗಟ್ಟಲೆ. ಹಾಗಾಗಿ ‘ಎಳೆಗಾಳ ಬಿಡು’ ಎಂದು ಬಳಸುತ್ತಿದ್ದೇನೆ. ‘ಬೆಳಿಗ್ಗೆ ಐದಕ್ಕೇ ಎಳೆಗಾಳ ಬಿಟ್ಟೆವು’ ಎಂಬ ವಾಕ್ಯ ನನ್ನ ಕಿವಿಗೆ ಒಪ್ಪುತ್ತದೆ. ‘ಸಾಗುಗಾಳ’ ಎಂಬುದನ್ನೂ ಯೋಚಿಸಿದೆ. ಕೇಳಲು ಇದೇ ಚೆನ್ನ, ಆದರೆ ಗಾಳ ತಾನಾಗಿ ಸಾಗುವುದಿಲ್ಲ. ಇಡೀ ಕೌಶಲ ಎಳೆಯುವವನ ಕೈಯಲ್ಲಿದೆ, ಪದದಲ್ಲಿ ಅದು ಉಳಿಯಬೇಕು.

ಎಳೆತಕ್ಕೇ ಯಾಕೆ ಇಷ್ಟು ಒತ್ತು ಕೊಡುತ್ತಿದ್ದೇನೆಂದರೆ, ಅಲ್ಲಿ ಎಲ್ಲ ನಿಂತಿರುವುದು ವೇಗದ ಮೇಲೆ. ದೋಣಿ ಗಂಟೆಗೆ ಮೂರರಿಂದ ಐದು ಕಿಲೋಮೀಟರ್ ಓಡುತ್ತದೆ, ಮನುಷ್ಯ ನಡೆಯುವಷ್ಟು. ಅದಕ್ಕಿಂತ ನಿಧಾನವಾದರೆ ಗಾಳಕ್ಕೆ ಎರೆಯಾಗಿ ಕಟ್ಟಿದ ತಗಡು ಹೊರಳುವುದಿಲ್ಲ, ಜೋರಾದರೆ ಗಿರಗಿರನೆ ತಿರುಗಿ ದಾರವೇ ಹುರಿಗಟ್ಟುತ್ತದೆ. ಮೇಲೆ ಜಿಪಿಎಸ್ ತೋರಿಸುವ ವೇಗವೇ ಕೆಳಗೂ ಇರುತ್ತದೆಂದು ನಂಬುವಂತಿಲ್ಲ. ಇಪ್ಪತ್ತು ಮೀಟರ್ ಆಳದಲ್ಲಿ ನೀರಿನ ಸೆಳೆತ ಬೇರೆ ದಿಕ್ಕಿಗೇ ಇರಬಹುದು. ದೋಣಿ ತಿರುಗುವಾಗ ಹೊರಮಗ್ಗುಲಿನ ಗಾಳಗಳು ವೇಗ ಪಡೆದು ಮೇಲೇಳುತ್ತವೆ, ಒಳಮಗ್ಗುಲಿನವು ನಿಧಾನಿಸಿ ಕೆಳಗಿಳಿಯುತ್ತವೆ. ಯಾವ ಮಗ್ಗುಲಿನ ಗಾಳಕ್ಕೆ ಮೀನು ಕಚ್ಚಿತೆಂದು ನೋಡಿ ಚಾಲಕ ವೇಗ ಏರಿಸುತ್ತಾನೆ ಇಲ್ಲವೇ ಇಳಿಸುತ್ತಾನೆ. ಜಿಪಿಎಸ್ ತೋರಿಸುವ ಮೇಲಿನ ವೇಗ, ಗಾಳಕ್ಕೆ ಆಳದಲ್ಲಿ ಸಿಗುವ ವೇಗ, ಈ ಎರಡಕ್ಕೆ ಸದ್ಯಕ್ಕೆ ‘ಮೇಲ್ವೇಗ’, ‘ಆಳವೇಗ’ ಎಂದು ಬರೆದುಕೊಂಡಿದ್ದೇನೆ.

ಇನ್ನು ಗಾಳವನ್ನು ಆಳಕ್ಕೆ ಇಳಿಸುವ ಸಲಕರಣೆ, ಡೌನ್‌ರಿಗ್ಗರ್. ಇದಕ್ಕೆ ಪದ ಸಿಗದೆ ನಿಂತುಬಿಟ್ಟಿದ್ದೇನೆ, ಹಾಗಾಗಿ ಕೆಲಸವನ್ನೇ ಬಿಡಿಸಿ ಹೇಳುತ್ತೇನೆ. ದೋಣಿಯ ಹಿಂಬದಿಯಲ್ಲಿ ಒಂದು ರಾಟೆ, ಅದರ ತುಂಬ ಸಣ್ಣ ಉಕ್ಕಿನ ತಂತಿ, ತಂತಿಯ ತುದಿಗೆ ನಾಲ್ಕೈದು ಕಿಲೋ ತೂಕದ ಸೀಸದ ಗುಂಡು. ಗಾಳದ ದಾರವನ್ನು ಮೊದಲು ದೋಣಿಯಿಂದ ಕೆಲವು ಮೀಟರ್ ಹಿಂದಕ್ಕೆ ಬಿಡುತ್ತಾರೆ. ಆಮೇಲೆ ಆ ದಾರವನ್ನು ಗುಂಡಿನ ಬಳಿಯ ಕ್ಲಿಪ್ಪಿಗೆ ಕಚ್ಚಿಸಿ, ಗುಂಡನ್ನು ಬೇಕಾದ ಆಳಕ್ಕೆ ಇಳಿಸುತ್ತಾರೆ. ಗಾಳವೂ ಅದರ ಜೊತೆ ಇಳಿಯುತ್ತದೆ. ಮೇಲೆ ಉಳಿದ ಸಡಿಲ ದಾರವನ್ನು ಸುತ್ತಿ ಬಿಗಿ ಮಾಡಿದಾಗ ಗಾಳದ ಕೋಲು ನೀರಿನ ಕಡೆಗೆ ಬಾಗಿ ನಿಲ್ಲುತ್ತದೆ. ಕೆಳಗೆ ಮೀನು ಎರಗಿದೊಡನೆ ದಾರ ಕ್ಲಿಪ್ಪಿನಿಂದ ಕಿತ್ತುಕೊಳ್ಳುತ್ತದೆ. ಆಗ ಕೋಲಿನ ತುದಿ ಫಕ್ಕನೆ ಮೇಲಕ್ಕೆ ಚಿಮ್ಮಿ ನೆಟ್ಟಗಾಗುತ್ತದೆ, ಮರುಕ್ಷಣವೇ ಮೀನಿನ ಭಾರಕ್ಕೆ ಮತ್ತೆ ಬಾಗುತ್ತದೆ. ಮೀನು ಕಚ್ಚಿದರೆ ಕೋಲು ಬಾಗಬೇಕೆಂದು ತಿಳಿದವರಿಗೆ ಇದು ತಿರುಗುಮುರುಗು. ಅಲ್ಲಿ ಕೋಲು ನೆಟ್ಟಗಾದದ್ದೇ ಓಡಿ ಬಂದು ಹಿಡಿಯಿರಿ ಎಂಬ ಗುರುತು. ಅನುವಾದದಲ್ಲಿ ಈ ಒಂದು ಚಿತ್ರ ಓದುಗರಿಗೆ ದಕ್ಕಬೇಕೆಂಬ ಹಂಬಲ ನನಗೆ ತುಂಬ ಇದೆ. ‘ಗುಂಡುರಾಟೆ’ ಎಂದರೆ ಹೇಗೆ? ರಾಟೆ ಬಾವಿಯಿಂದ ಬಂದ ಪದ, ಕೆಳಗಿಳಿಸಿ ಮೇಲೆತ್ತುವ ಕೆಲಸವೂ ಹೊಂದುತ್ತದೆ. ‘ಆಳರಾಟೆ’ ಎಂದು ಗೆಳೆಯರೊಬ್ಬರು ಸೂಚಿಸಿದರು. ನನಗೆ ಗುಂಡೇ ಕಣ್ಣಿಗೆ ಕಟ್ಟುತ್ತದೆ.

ಗಾಳಕ್ಕೆ ಸಿಕ್ಕಿಸುವುದಕ್ಕೆ ನಮ್ಮಲ್ಲಿ ‘ಎರೆ’ ಎಂಬ ಅಚ್ಚುಕಟ್ಟಾದ ಪದವಿದೆ. ಆದರೆ ಎಳೆಗಾಳದಲ್ಲಿ ಹುಳ, ಸೀಗಡಿ ಕಡಿಮೆ. ಲೋಹದ, ಪ್ಲಾಸ್ಟಿಕ್ಕಿನ ಆಕೃತಿಗಳೇ ಹೆಚ್ಚು. ಅವಕ್ಕೆ ‘ಹುಸಿಯೆರೆ’ ಅನ್ನುತ್ತಿದ್ದೇನೆ, ಇದರಲ್ಲಿ ನನಗೆ ಅಳುಕಿಲ್ಲ. ಅವುಗಳಲ್ಲಿ ಒಂದಕ್ಕೆ ಸ್ಪೂನ್ ಎಂದು ಹೆಸರು, ಹಿಡಿ ಇಲ್ಲದ ಚಮಚದ ಆಕಾರದ್ದು. ‘ಹಸಿರು ಸ್ಪೂನ್ ಬಿಟ್ಟೆವು’ ಎಂದರೆ ಕನ್ನಡದಲ್ಲಿ ಅಡುಗೆಮನೆಯೇ ಕಾಣುತ್ತದೆ, ಅದಕ್ಕೇ ‘ತಗಡೆರೆ’ ಎಂದು ಬದಲಿಸಿದ್ದೇನೆ.

ಆಳದ ಲೆಕ್ಕದಲ್ಲಿ ಒಂದು ಸೊಗಸಾದ ಬಳಕೆ ಇದೆ. ಸೀಸದ ತಿರುಳಿರುವ ಒಂದು ಬಗೆಯ ದಾರ ತನ್ನ ಭಾರಕ್ಕೇ ಮುಳುಗುತ್ತದೆ. ಪ್ರತಿ ಹತ್ತು ಗಜಕ್ಕೆ, ಅಂದರೆ ಸುಮಾರು ಒಂಬತ್ತು ಮೀಟರಿಗೆ, ಅದರ ಬಣ್ಣ ಬದಲಾಗುತ್ತದೆ. ಅಲ್ಲಿಯವರು ದಾರವನ್ನು ಅಳೆಯುವುದು ಆ ಬಣ್ಣಗಳಿಂದಲೇ: ‘ಐದು ಬಣ್ಣ ಬಿಟ್ಟಿದ್ದೆ, ಕಚ್ಚಿತು.’ ಇದನ್ನು ‘ನಲವತ್ತೈದು ಮೀಟರ್ ದಾರ’ ಎಂದು ತಿದ್ದಲು ನನಗೆ ಮನಸ್ಸಿಲ್ಲ. ಮೊದಲ ಸಲ ಒಂದು ವಾಕ್ಯದಲ್ಲಿ ವಿವರಿಸಿ, ಆಮೇಲೆ ‘ಐದು ಬಣ್ಣ’ ಎಂದೇ ಬಿಡೋಣ ಅಂದುಕೊಂಡಿದ್ದೇನೆ. ಹಗ್ಗವನ್ನೂ ನೀರಿನ ಆಳವನ್ನೂ ‘ಮಾರು’ ಲೆಕ್ಕದಲ್ಲಿ ಹೇಳಿದವರು ನಾವು, ಇಂಥ ಅಳತೆ ನಮಗೆ ಹೊಸದಲ್ಲ. ಇಂಗ್ಲಿಷಿನ ಫ್ಯಾದಮ್ ಕೂಡ ಚಾಚಿದ ಎರಡು ತೋಳಿನ ಅಳತೆಯೇ, ಆರು ಅಡಿ. ಮೂಲದಲ್ಲಿ ಫ್ಯಾದಮ್ ಬಂದ ಕಡೆಯೆಲ್ಲ ನಾನು ಕಣ್ಣುಮುಚ್ಚಿ ಮಾರು ಎಂದು ಬರೆದಿದ್ದೇನೆ. ಮಿಶಿಗನ್ ಸರೋವರದ ಅತಿ ಹೆಚ್ಚಿನ ಆಳ 281 ಮೀಟರ್, ನಮ್ಮ ಲೆಕ್ಕದಲ್ಲಿ ನೂರೈವತ್ತು ಮಾರು ಮೀರುತ್ತದೆ. ಸುಮಾರು 58,000 ಚದರ ಕಿಲೋಮೀಟರ್ ಹರವಿನ ಈ ಜಲರಾಶಿಯನ್ನು ಕೆರೆ ಅನ್ನಲು ನನಗೆ ಬಾಯಿ ಬರುವುದಿಲ್ಲ. ಕೆರೆ ಎಂದಮೇಲೆ ಏರಿ ಬೇಕು, ತೂಬು ಬೇಕು. ಸರೋವರವೇ ಸರಿ.

ಆಳ ಯಾಕೆ ಮುಖ್ಯವೆಂದರೆ ಈ ಮೀನುಗಳು ತಂಪನ್ನು ಹುಡುಕಿಕೊಂಡು ಹೋಗುತ್ತವೆ. ಬೇಸಿಗೆಯಲ್ಲಿ ಸರೋವರದ ನೀರು ಪದರಗಟ್ಟುತ್ತದೆ. ಬಿಸಿಲಿಗೆ ಕಾದ ಹಗುರ ನೀರು ಮೇಲೆ, ನಾಲ್ಕು ಡಿಗ್ರಿಯ ಆಸುಪಾಸಿನ ಭಾರದ ನೀರು ಕೆಳಗೆ. ನಡುವೆ ಕೆಲವೇ ಮೀಟರುಗಳಲ್ಲಿ ತಾಪ ಸರ್ರನೆ ಇಳಿಯುವ ಪದರವೊಂದಿದೆ. ಚಿನೂಕ್ ಸಾಲ್ಮನ್ ಬಯಸುವ ಹನ್ನೆರಡು ಡಿಗ್ರಿಯ ಆಸುಪಾಸಿನ ನೀರು ಸಿಗುವುದು ಅಲ್ಲೇ, ಲೇಕ್ ಟ್ರೌಟ್ ಇನ್ನೂ ತಣ್ಣಗಿನ ಕಡೆಗೆ ಇಳಿಯುತ್ತದೆ. ಗಾಳಿ ದಡದಿಂದ ಒಳಕ್ಕೆ ಬೀಸಿ ಮೇಲಿನ ಬೆಚ್ಚಗಿನ ನೀರನ್ನು ಆಚೆ ತಳ್ಳಿದರೆ ಕೆಳಗಿನ ತಣ್ಣೀರು ದಡದ ಬಳಿಯೇ ಮೇಲೆ ಬರುತ್ತದೆ, ಅದರ ಬೆನ್ನಿಗೆ ಮೀನೂ ಬರುತ್ತದೆ. ಈ ಪದರಕ್ಕೆ ಥರ್ಮೋಕ್ಲೈನ್ ಎಂದು ಇಂಗ್ಲಿಷಿನಲ್ಲಿ ಹೆಸರು. ಜರ್ಮನ್ನರು ‘ಜಿಗಿತದ ಪದರ’ ಎಂಬರ್ಥದ ಪದ ಬಳಸುತ್ತಾರೆ. ‘ಉಷ್ಣಪ್ರವಣತಾ ಸ್ತರ’ದಂಥ ಪದ ಕಟ್ಟಿದರೆ ಪಠ್ಯಪುಸ್ತಕಕ್ಕೆ ನಡೆದೀತು, ದೋಣಿಯಲ್ಲಿ ನಿಂತವನ ಬಾಯಲ್ಲಿ ನಿಲ್ಲದು. ‘ತಾಪ ಇಳಿಯುವ ಪದರ’ ಎಂದು ಬಿಡಿಸಿ ಬರೆದಿದ್ದೇನೆ. ಇದನ್ನೇ ಒಂದು ಚಿಕ್ಕ ಪದವಾಗಿ ಯಾರಾದರೂ ಕಟ್ಟಿಕೊಟ್ಟರೆ ಉಪಕಾರವಾಗುತ್ತದೆ.

ಮೀನಿನ ಹೆಸರುಗಳನ್ನು ಕನ್ನಡಿಸಲು ಹೋಗುವುದಿಲ್ಲ. ಸಾಲ್ಮನ್, ಟ್ರೌಟ್ ಎಂಬ ವಿಂಗಡಣೆಯೇ ಇಂಗ್ಲಿಷಿನಲ್ಲಿ ನೆಟ್ಟಗಿಲ್ಲ. ಲೇಕ್ ಟ್ರೌಟ್ ಎಂಬುದು ಚಾರ್ ಎಂಬ ಬೇರೊಂದು ಗುಂಪಿನ ಮೀನು. ಸ್ಟೀಲ್‌ಹೆಡ್ ಎಂದು ಕರೆಯುವುದು ದೊಡ್ಡ ನೀರಿಗಿಳಿದು ಬೆಳೆದ ರೇನ್‌ಬೋ ಟ್ರೌಟನ್ನೇ. ಆ ರೇನ್‌ಬೋ ಟ್ರೌಟನ್ನು ವಿಜ್ಞಾನಿಗಳು 1989ರಲ್ಲಿ ಚಿನೂಕ್, ಕೋಹೋ ಸಾಲ್ಮನ್‌ಗಳ ಕುಲಕ್ಕೆ ಸೇರಿಸಿದರು. ಇತ್ತ ಬ್ರೌನ್ ಟ್ರೌಟ್ ಅಟ್ಲಾಂಟಿಕ್ ಸಾಲ್ಮನ್ನಿನ ಕುಲದ್ದು. ನಮ್ಮ ರಾವಸ್ ಮೀನನ್ನು ಇಂಗ್ಲಿಷಿನಲ್ಲಿ ಇಂಡಿಯನ್ ಸಾಲ್ಮನ್ ಎನ್ನುವುದುಂಟು, ಅದಕ್ಕೂ ಇವಕ್ಕೂ ನಂಟೇ ಇಲ್ಲ. ಯಾರೂ ಸಾಲ್ಮನ್ನಿಗೆ ರಾವಸ್ ಎಂದು ಬರೆಯಬೇಡಿ ಎಂದು ಈ ನೆಪದಲ್ಲಿ ಕೇಳಿಕೊಳ್ಳುತ್ತೇನೆ.

ಒಂದು ಕಡೆ ಮಾತ್ರ ನಮ್ಮ ಪದ ತಾನಾಗಿ ಬಂದು ಕೂತಿತು. ಚಿನೂಕ್, ಕೋಹೋ ಎರಡೂ ಈ ಸರೋವರದ ಮೂಲನಿವಾಸಿಗಳಲ್ಲ. ಸಮುದ್ರದಿಂದ ಕಾಲುವೆಗಳ ಮೂಲಕ ನುಗ್ಗಿದ ಲ್ಯಾಂಪ್ರೇ ಎಂಬ ರಕ್ತ ಹೀರುವ ಜೀವಿ, ಅದರ ಜೊತೆಗೆ ಮಿತಿಮೀರಿದ ಮೀನುಗಾರಿಕೆ ಸೇರಿ ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಅಲ್ಲಿಯ ಲೇಕ್ ಟ್ರೌಟ್ ಸಂತತಿಯನ್ನು ಅಳಿಸಿದವು. ತಿನ್ನುವ ದೊಡ್ಡ ಮೀನಿಲ್ಲದೆ ಏಲ್‌ವೈಫ್ ಎಂಬ ಸಣ್ಣ ಮೀನು ವಿಪರೀತ ಹೆಚ್ಚಿತು, 1967ರಲ್ಲಿ ರಾಶಿರಾಶಿಯಾಗಿ ಸತ್ತು ದಡ ಸೇರಿತು. ಅದಕ್ಕೆ ಒಂದು ವರ್ಷ ಮೊದಲು, 1966ರ ವಸಂತದಲ್ಲಿ, ಮಿಶಿಗನ್ ರಾಜ್ಯದ ಮೀನುಗಾರಿಕೆಯ ಹೊಣೆ ಹೊತ್ತಿದ್ದ ಹೊವರ್ಡ್ ಟ್ಯಾನರ್ ಅವರ ಮುಂದಾಳ್ತನದಲ್ಲಿ ಕೋಹೋ ಮರಿಗಳನ್ನು ಪ್ಲ್ಯಾಟ್ ನದಿಗೂ ಬೇರ್ ಕ್ರೀಕ್ ಹೊಳೆಗೂ ಬಿಟ್ಟಿದ್ದರು. ಮರುವರ್ಷ ಚಿನೂಕ್ ಬಂತು. ಈ ಬಿಡುವ ಕೆಲಸಕ್ಕೆ ಇಂಗ್ಲಿಷಿನವರು ‘ನೆಡು’ ಎಂಬ ಪದವನ್ನೂ ಬಳಸುತ್ತಾರೆ. ನಮ್ಮಲ್ಲಿ ‘ಮೀನುಮರಿ ಬಿತ್ತನೆ’ ಮೊದಲಿಂದಲೂ ಬಳಕೆಯಲ್ಲಿದೆ, ಒಂದಕ್ಷರ ಬದಲಿಸದೆ ಅದನ್ನೇ ಹಾಕಿದೆ.

ಆದರೆ ಬಿತ್ತಿದ ಆ ಮರಿಗೆ ಇಂಗ್ಲಿಷಿನಲ್ಲಿ ಸ್ಮೋಲ್ಟ್ ಎಂಬ ಬೇರೆಯೇ ಹೆಸರಿದೆ. ಹೊಳೆಯಲ್ಲಿದ್ದಾಗ ಮೈಮೇಲೆ ಇದ್ದ ಪಟ್ಟೆಗಳು ಮಾಸಿ, ಬೆಳ್ಳಿಯ ಬಣ್ಣ ಬಂದು, ದೊಡ್ಡ ನೀರಿಗೆ ಹೊರಡಲು ಸಿದ್ಧವಾದ ಹಂತ ಅದು. ಬಿತ್ತಿದ ಹೊಳೆಯ ನೆನಪು ಮೀನಿನಲ್ಲಿ ಉಳಿಯುವುದೂ ಈ ಹಂತದಲ್ಲೇ, ಮೊಟ್ಟೆಯಿಡುವ ಕಾಲಕ್ಕೆ ಅದೇ ಹೊಳೆಗೆ ಅದು ಮರಳುತ್ತದೆ. ಬರೀ ‘ಮರಿ’ ಎಂದರೆ ಇದೆಲ್ಲ ಬಿಟ್ಟುಹೋಗುತ್ತದೆ. ‘ಬೆಳ್ಳಿಮರಿ’, ‘ಹೊರಡುಮರಿ’ ಎರಡನ್ನೂ ಬರೆದಿಟ್ಟುಕೊಂಡಿದ್ದೇನೆ. ಮೀನುಗಾರಿಕೆ ಇಲಾಖೆಯಲ್ಲಿ ಕೆಲಸ ಮಾಡಿದವರು, ಮರಿಗಳ ಒಂದೊಂದು ಹಂತವನ್ನೂ ಬಲ್ಲವರು ಇಲ್ಲಿದ್ದರೆ, ನಿಮ್ಮ ಮಾತಿನಲ್ಲಿ ಇದಕ್ಕೆ ಏನೆನ್ನುವಿರಿ ಎಂದು ದಯವಿಟ್ಟು ತಿಳಿಸಿ. ದೋಣಿಯಿಂದ ಗಾಳ ಎಳೆದು ಗೊತ್ತಿರುವ ಕರಾವಳಿಯವರು ಎಳೆಗಾಳಕ್ಕೆ ತಮ್ಮ ಊರಿನ ಪದವಿದ್ದರೆ ಹೇಳಿ, ನನ್ನದನ್ನು ಕೈಬಿಟ್ಟು ಅದನ್ನೇ ಬಳಸುತ್ತೇನೆ.