ಫ್ಲಾಸ್ ಮಾಡಿದರೆ ಒಸಡಲ್ಲಿ ರಕ್ತ: ನಿಲ್ಲಿಸಬೇಕಾ, ಮುಂದುವರಿಸಬೇಕಾ?

ಚಿಂತಾಮಣಿ_ಪ್ರಶ್ನೆ

ವಯಸ್ಸು 58, ಸಕ್ಕರೆ ಕಾಯಿಲೆ ಇದೆ, ಬಿ.ಪಿ.ಗೆ ಆಮ್ಲೋಡಿಪಿನ್ ಮಾತ್ರೆ. ಎರಡು ತಿಂಗಳ ಹಿಂದೆ ಹಲ್ಲು ಕ್ಲೀನಿಂಗ್ ಆಗಿದೆ. ಫ್ಲಾಸ್ (ಹಲ್ಲಿನ ಸಂದಿಗೆ ದಾರ ಹಾಕಿ ಶುಚಿ ಮಾಡೋದು) ಶುರು ಮಾಡಿ ನಾಲ್ಕು ದಿನ. ಕೆಳಗಿನ ಮುಂದಿನ ಹಲ್ಲುಗಳ ಹತ್ತಿರ ದಾರಕ್ಕೆ ರಕ್ತ ಅಂಟಿ ಬರ್ತಿದೆ. ಬಲಗಡೆ ಮೇಲಿನ ದವಡೆಯಲ್ಲಿ ಒಂದೇ ಒಂದು ಸಂದಿಯಲ್ಲಿ ದಾರ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತೆ. ದಾರ ಹಾಕಿದರೆ ಸಂದಿ ಅಗಲ ಆಗುತ್ತೆ ಅಂತ ಸುತ್ತಮುತ್ತಲಿನವರ ಮಾತು. ಜೊತೆಗೆ ಬೋರ್‌ವೆಲ್ ನೀರಿನ ಕಂದು ಕಲೆ ಫ್ಲಾಸ್‌ನಿಂದ ಕಮ್ಮಿ ಆಗುತ್ತಾ?

ಶ್ರೀನಿವಾಸಪುರ_ಮಾವು

ನಿಲ್ಲಿಸಬೇಡಿ. ಆರೋಗ್ಯವಾಗಿರೋ ಒಸಡಿಗೆ ದಾರ ಮೆಲ್ಲಗೆ ತಾಕಿದರೆ ರಕ್ತ ಬರಲ್ಲ. ಬರ್ತಿದೆ ಅಂದ್ರೆ ಆ ಸಂದಿಯಲ್ಲಿ ಪಾಚಿ (ಹಲ್ಲಿಗೆ ಅಂಟೋ ಬ್ಯಾಕ್ಟೀರಿಯಾ ಪದರ) ಕೂತು ಒಸಡು ಮೊದಲೇ ಊದಿಕೊಂಡಿದೆ. ಬ್ರಷ್ಷಿನ ಎಳೆ ಹಲ್ಲಿನ ಹೊರಗೆ, ಒಳಗೆ, ಜಗಿಯೋ ಮೇಲ್ಭಾಗಕ್ಕೆ ಮುಟ್ಟುತ್ತೆ. ಎರಡು ಹಲ್ಲು ಒಂದಕ್ಕೊಂದು ಒತ್ತಿಕೊಂಡಿರೋ ಪಕ್ಕಗಳಿಗೆ ಮುಟ್ಟಲ್ಲ. ಒಸಡಿನ ಕಾಯಿಲೆ ಸಾಮಾನ್ಯವಾಗಿ ಶುರುವಾಗೋದೇ ಅಲ್ಲಿ.

1965ರಲ್ಲಿ ಡೆನ್ಮಾರ್ಕಿನಲ್ಲಿ ದಂತ ಸಂಶೋಧಕ ಹರಾಲ್ಡ್ ಲೋ ಮತ್ತು ಜೊತೆಗಾರರು 12 ಜನರಿಗೆ ಹಲ್ಲು ಶುಚಿ ಮಾಡೋದನ್ನೇ ನಿಲ್ಲಿಸಿ ನೋಡಿದ್ರು. 10ರಿಂದ 21 ದಿನದೊಳಗೆ ಎಲ್ಲರ ಒಸಡೂ ಉರಿ ಬಂದು ಕೆಂಪಾಯ್ತು. ಮತ್ತೆ ಶುಚಿ ಮಾಡೋಕೆ ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಇಳೀತು. ಹಾಗಾಗಿ ನಾಲ್ಕು ದಿನಕ್ಕೆ ಕೈಬಿಡೋದು ತುಂಬಾ ಬೇಗ ಆಯ್ತು. ದಿನಕ್ಕೊಂದು ಸಲ, ಎರಡು ವಾರ ಬಿಡದೆ ಮಾಡಿ. ಆಮೇಲೂ ಅದೇ ಜಾಗದಲ್ಲಿ ರಕ್ತ ಬಂದರೆ ಒಸಡಿನ ಕೆಳಗೆ ಗಾರೆ (ಕಲ್ಲಿನ ಹಾಗೆ ಗಟ್ಟಿಯಾದ ಪಾಚಿ) ಉಳಿದಿದೆ ಅಥವಾ ಪಾಕೆಟ್, ಅಂದ್ರೆ ಹಲ್ಲಿಗೂ ಒಸಡಿಗೂ ನಡುವಿನ ಬಿರುಕು, ಆಳ ಆಗಿದೆ ಅಂತ ಲೆಕ್ಕ. ಅದನ್ನ ಡಾಕ್ಟರು ಅಳತೆ ಕಡ್ಡಿ ಇಟ್ಟು ನೋಡಬೇಕು. ಆಳ 1ರಿಂದ 3 ಮಿ.ಮೀ. ಇದ್ದರೆ ಸರಿ, 4 ದಾಟಿದರೆ ಮನೆ ದಾರದಿಂದ ಆಗೋ ಕೆಲಸ ಅಲ್ಲ.

ಈಗ ವಿಧಾನ. ಹೂವು ಅಳೆಯೋ ಹಾಗೆ ಒಂದು ಮೊಳ ದಾರ, ಅಂದ್ರೆ ಸುಮಾರು 45 ಸೆಂ.ಮೀ. ಹೆಚ್ಚಿನ ಭಾಗ ಒಂದು ಕೈಯ ನಡುಬೆರಳಿಗೆ, ಉಳಿದಿದ್ದು ಇನ್ನೊಂದು ಕೈಯ ನಡುಬೆರಳಿಗೆ ಸುತ್ತಿ. ಮಧ್ಯೆ ಒಂದು ಅಂಗುಲ ಬಿಗಿಯಾಗಿರಲಿ. ಹಲ್ಲು ಕೂಡೋ ಜಾಗದಲ್ಲಿ ಗರಗಸದ ಹಾಗೆ ಹಿಂದೆ ಮುಂದೆ ಆಡಿಸ್ತಾ ನಿಧಾನಕ್ಕೆ ಇಳಿಸಿ. ಇಲ್ಲೇ ಜನ ತಪ್ಪೋದು: ಬಲ ಹಾಕಿ ಒತ್ತುತ್ತಾರೆ, ದಾರ ಟಪ್ ಅಂತ ಇಳಿದು ಒಸಡು ಸೀಳುತ್ತೆ. ಆ ರಕ್ತ ಕಾಯಿಲೆಯದ್ದಲ್ಲ, ಗಾಯದ್ದು. ಇಳಿದ ಮೇಲೆ ದಾರವನ್ನ ಒಂದು ಹಲ್ಲಿಗೆ ಅಪ್ಪಿಸಿ ಅರ್ಧ ಬಳೆ ಥರ ಬಗ್ಗಿಸಿ, ಒಸಡಿನ ಅಂಚಿನೊಳಗೆ ತಡೆ ಸಿಗೋವರೆಗೆ ಮಾತ್ರ ಜಾರಿಸಿ, ಮೇಲೆ ಕೆಳಗೆ ಐದಾರು ಸಲ ಉಜ್ಜಿ. ಅದೇ ಸಂದಿಯಲ್ಲಿ ಪಕ್ಕದ ಹಲ್ಲಿಗೂ ಹಾಗೇ. ಒಂದು ಸಂದಿಗೆ ಎರಡು ಗೋಡೆ, ಒಂದನ್ನ ಬಿಟ್ಟರೆ ಅರ್ಧ ಕೆಲಸ. ಪ್ರತಿ ಸಂದಿಗೂ ದಾರದ ಹೊಸ ಭಾಗ.

ತಿಪಟೂರು_ಕಲ್ಪತರು

ದಾರ ಬಿಚ್ಚಿಕೊಳ್ಳೋ ವಿಷಯ ಹಗುರವಾಗಿ ತಗೋಬೇಡಿ. ಎಲ್ಲ ಕಡೆ ಚೆನ್ನಾಗಿ ಹೋಗಿ ಒಂದೇ ಕಡೆ ಹರಿದರೆ ದಾರದ ದೋಷ ಅಲ್ಲ. ಹಳೇ ಫಿಲ್ಲಿಂಗಿನ ಅಂಚು ಹೊರಗೆ ಚಾಚಿರುತ್ತೆ, ಇಲ್ಲವೇ ಹುಳುಕಿನ ಚೂಪು ಅಂಚು, ಇಲ್ಲವೇ ಗಾರೆ. ಎಕ್ಸ್‌ರೇ ತೆಗೆಸಬೇಕಾದ ಜಾಗ ಅದು.

ಸಂದಿ ಅಗಲ ಆಗುತ್ತೆ ಅನ್ನೋದು ತಪ್ಪು. ಗಾರೆ ಹೋಗಿ ಊತ ಇಳಿದಾಗ ಮೊದಲೇ ಇದ್ದ ಖಾಲಿ ಜಾಗ ಕಾಣುತ್ತೆ, ಅಷ್ಟೇ. ನಿಜವಾಗಿ ಹಾಳು ಮಾಡೋದು ಪೊರಕೆ ಕಡ್ಡಿ, ಪಿನ್ನು, ಬೆಂಕಿಕಡ್ಡಿ. ನಮ್ಮ ಕಡೆ ಅಡಿಕೆ ಚೂರು ಸಿಕ್ಕಿಕೊಂಡಾಗ ಕೈಗೆ ಸಿಗೋದೇ ಅವು. ಅವು ಚೂರನ್ನ ಕೀಳ್ತವೆ, ಪಾಚಿಯನ್ನ ಬಿಟ್ಟು ಒಸಡಿಗೆ ಚುಚ್ಚುತ್ತವೆ. ಎಲೆ-ಅಡಿಕೆ ಜೊತೆ ಹೊಗೆಸೊಪ್ಪು ಹಾಕೋರಿಗೆ ಇನ್ನೊಂದು ಮಾತು: ನಿಕೋಟಿನ್ ಒಸಡಿನ ರಕ್ತ ಹರಿವನ್ನ ಅಡಗಿಸುತ್ತೆ. ಅವರಿಗೆ ರಕ್ತ ಬರದೇ ಇದ್ದರೂ ಒಳಗೆ ಮೂಳೆ ಕರಗ್ತಿರಬಹುದು.

ಬಾಗೇಪಲ್ಲಿ_ನೀರು

ಕಲೆಯ ಬಗ್ಗೆ. ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಆಗೋ ಕಲೆ ಹಲ್ಲಿನ ಮೇಲೆ ಕೂತಿದ್ದಲ್ಲ, ಎನಾಮೆಲ್ (ಹಲ್ಲಿನ ಗಟ್ಟಿ ಹೊರಪದರ) ಒಳಗೇ ಇರೋದು. ಚಿಕ್ಕಂದಿನಲ್ಲಿ, ಸುಮಾರು 8 ವರ್ಷದೊಳಗೆ, ಹಲ್ಲು ದವಡೆಯೊಳಗೆ ಬೆಳೆಯುವಾಗ ಆಗಿಬಿಟ್ಟಿರುತ್ತೆ. ದಾರ, ಬ್ರಷ್, ಇದ್ದಿಲಪುಡಿ ಯಾವುದಕ್ಕೂ ಬಗ್ಗಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನೀರು ಪರೀಕ್ಷೆ ಮಾಡಿಸಿ. ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿದ್ದರೆ ಸರಿ, 1.5 ದಾಟಬಾರದು. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಅದರ ಪ್ರಮಾಣ ಏರುತ್ತೆ. ಆರ್‌ಒ ಫಿಲ್ಟರ್ ತೆಗೆಯುತ್ತೆ.

ಸಕ್ಕರೆ ಕಾಯಿಲೆ ಮತ್ತು ಒಸಡು ಒಂದನ್ನೊಂದು ಕೆಡಿಸ್ತವೆ. ಸಕ್ಕರೆ ಏರಿದರೆ ಸೋಂಕು ಬಲಿಯುತ್ತೆ, ಒಸಡಿನ ಸೋಂಕು ಇದ್ದರೆ ಸಕ್ಕರೆ ಹತೋಟಿಗೆ ಬರೋದು ಕಷ್ಟ. ಆಮ್ಲೋಡಿಪಿನ್ ಕೆಲವರಲ್ಲಿ ಹಲ್ಲಿನ ಮಧ್ಯದ ಒಸಡನ್ನ ದಪ್ಪ ಮಾಡುತ್ತೆ, ಪಾಚಿ ಇದ್ದ ಕಡೆ ಹೆಚ್ಚು. ಕನ್ನಡಿಯಲ್ಲಿ ಮುಂದಿನ ಹಲ್ಲುಗಳ ನಡುವೆ ಒಸಡು ಗುಂಡಗೆ ಉಬ್ಬಿದೆಯಾ ನೋಡಿ. ಇದ್ದರೆ ಬಿ.ಪಿ. ಡಾಕ್ಟರಿಗೆ ತಿಳಿಸಿ, ಮಾತ್ರೆ ನೀವಾಗಿ ಬಿಡಬೇಡಿ.

ಚಿಂತಾಮಣಿ_ಪ್ರಶ್ನೆ

ಹಿಂದಿನ ಹಲ್ಲಿಗೆ ಎರಡು ಬೆರಳು ಹೋಗೋದೇ ಕಷ್ಟ. ಸಂದಿ ಬ್ರಷ್ (ಸಂದಿಯೊಳಗೆ ತೂರೋ ಪುಟ್ಟ ತಂತಿ ಬ್ರಷ್) ಆಗುತ್ತಾ?

ಶ್ರೀನಿವಾಸಪುರ_ಮಾವು

ಸಂದಿ ಅಗಲ ಇರೋ ಕಡೆ ಅದೇ ಮೇಲು. 2019ರ ಕಾಕ್ರೇನ್ ವಿಮರ್ಶೆಯೂ (ಹಲವು ಅಧ್ಯಯನಗಳನ್ನ ಒಟ್ಟಿಗೆ ತೂಗಿ ನೋಡೋ ವರದಿ) ಸಂದಿ ಬ್ರಷ್ ಫ್ಲಾಸ್‌ಗಿಂತ ಹೆಚ್ಚು ಉಪಯೋಗ ಆಗಬಹುದು ಅಂತಲೇ ಹೇಳಿದ್ದು, ಪುರಾವೆ ಅಷ್ಟು ಗಟ್ಟಿ ಇಲ್ಲ ಅನ್ನೋದನ್ನೂ ಸೇರಿಸಿ. ಬೇರೆ ಬೇರೆ ಅಳತೆಯಲ್ಲಿ ಬರುತ್ತೆ. ಎಳೆಗಳು ಎರಡೂ ಹಲ್ಲಿಗೆ ತಾಗಬೇಕು, ಒಳಗಿನ ತಂತಿ ಹಲ್ಲಿಗೆ ಕೆರೆಯಬಾರದು. ಒತ್ತಿದರೂ ಹೋಗದಿದ್ದರೆ ಚಿಕ್ಕದು ತಗೊಳ್ಳಿ, ತಿರುಚಿ ತುರುಕಬೇಡಿ, ತಂತಿ ಮುರಿಯುತ್ತೆ. ಪೇಸ್ಟ್ ಬೇಡ. ಎಳೆ ಕೆದರಿದ ದಿನ ಬದಲಾಯಿಸಿ. ಬಿಗಿಯಾಗಿರೋ ಮುಂದಿನ ಹಲ್ಲುಗಳಿಗೆ ದಾರವೇ ಇರಲಿ. ಹಿಂದೆ ಬಿಗಿ ಸಂದಿ ಇದ್ದರೆ ಹಿಡಿ ಇರೋ ಫ್ಲಾಸ್ ಪಿಕ್ ನಡೆಯುತ್ತೆ. ಇಳಿಸಿದ ಮೇಲೆ ಹಿಡಿಯನ್ನ ಮೊದಲು ನಿಮ್ಮ ಕಡೆ ಎಳೆದು ಉಜ್ಜಿ, ಆಮೇಲೆ ಹಿಂದಕ್ಕೆ ತಳ್ಳಿ ಉಜ್ಜಿ. ಆಗ ಎರಡೂ ಗೋಡೆಗೆ ತಾಗುತ್ತೆ.