ಮೂಲಮನೆ ಗುಂಪು: ಚಾವಡಿಯ ಹಳೇ ಕಂಪ್ಯೂಟರಿಗೆ ಯಾವ ಓಎಸ್ (ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ)?

ಬೆಂಗಳೂರು ಭಾವ: (ವಿಡಿಯೋ) ಎಲ್ಲರೂ ಇದನ್ನು ನೋಡಿ. ಹಳೇ ಕಂಪ್ಯೂಟರಿಗೆ ಟ್ರೂನ್ಯಾಸ್ ಅನ್ನುವ ಓಎಸ್ ಹಾಕಿ, ಎಲ್ಲರ ಫೈಲು ಇಡುವ ಮನೆಯ ಸರ್ವರ್ ಮಾಡಿದ್ದಾರೆ. ಮೂಲಮನೆ ಚಾವಡಿಯಲ್ಲಿರುವ ಕಂಪ್ಯೂಟರಿಗೂ ಇದನ್ನೇ ಹಾಕೋಣ. ಪತ್ತನಾಜೆ (ಮೇ ಕೊನೆ) ಒಳಗೆ ಮುಗಿಸಿದರೆ ಮಳೆಗಾಲಕ್ಕೆ ಮೊದಲು ಫೋಟೋ, ಕ್ಯಾಸೆಟ್ ಎಲ್ಲ ಒಂದು ಕಡೆ ಸೇರುತ್ತದೆ.

ನೀರ್ಚಾಲು ಚಿಕ್ಕಪ್ಪ: ಅದರಲ್ಲಿ ವಿಂಡೋಸ್ 10 ಚೆನ್ನಾಗಿಯೇ ಓಡ್ತಾ ಇದೆ. ಅಡಿಕೆ ಲೆಕ್ಕವೂ ಅದರಲ್ಲೇ ಇರುವುದು. ಬದಲಾಯಿಸಲೇಬೇಕಾ ಮಾರಾಯ?

ನಾನು: ಬದಲಾಯಿಸಬೇಕು ಚಿಕ್ಕಪ್ಪ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಇಂಟೆಲ್ ಪ್ರೊಸೆಸರಿನಲ್ಲಿ 8ನೇ ತಲೆಮಾರಿನಿಂದ ಮೇಲಿನದ್ದು ಬೇಕು, ನಮ್ಮದು 4ನೇದು. ದಿನವಿಡೀ ನೆಟ್ಟಿಗೆ ಅಂಟಿಕೊಂಡಿರುವ ಕಂಪ್ಯೂಟರಿಗೆ ಹಳೇ ಓಎಸ್ ಬೇಡ. ಅಡಿಕೆ ಲೆಕ್ಕದ ಫೈಲು ಲಿಬ್ರೆ ಆಫೀಸಿನಲ್ಲೂ ತೆರೆಯುತ್ತದೆ, ಅದಕ್ಕೆ ಹೆದರಬೇಡಿ.

ಬೆಂಗಳೂರು ಭಾವ: ಹಾಗಾದರೆ ಟ್ರೂನ್ಯಾಸೇ ಸರಿ. ಅದರಲ್ಲಿ ಜ಼ಡ್‌ಎಫ್‌ಎಸ್ ಇದೆ. ಅಂದರೆ ಡಿಸ್ಕಿನಲ್ಲಿ ಫೈಲು ಇಡುವ ಒಂದು ವ್ಯವಸ್ಥೆ. ಫೈಲು ಒಳಗೊಳಗೇ ಹಾಳಾದರೆ ಅದೇ ಕಂಡುಹಿಡಿಯುತ್ತದೆ.

ನಾನು: ಭಾವ, ಅದು ಒಳ್ಳೆಯದೇ, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ಹತ್ತಿರ ಇರುವುದು ಎಷ್ಟು ಅಂತ ನೋಡಿ. ರ‍್ಯಾಮ್ 8 ಜಿಬಿ. ಟ್ರೂನ್ಯಾಸಿಗೆ ಕಡಿಮೆ ಅಂದರೂ ಅಷ್ಟು ಬೇಕೇ ಬೇಕು. ಓಎಸ್ ಕೂತ ಡಿಸ್ಕಿನಲ್ಲಿ ಬೇರೇನೂ ಇಡುವ ಹಾಗಿಲ್ಲ, ಅದು ಪೂರ್ತಿ ಅದಕ್ಕೇ. ಉಳಿಯುವುದು ಒಂದೇ ಡಿಸ್ಕ್. ಒಂದೇ ಡಿಸ್ಕ್ ಇದ್ದರೆ ಫೈಲು ಹಾಳಾದದ್ದು ಗೊತ್ತಾಗುತ್ತದೆ, ಸರಿಮಾಡಲು ಇನ್ನೊಂದು ಪ್ರತಿ ಎಲ್ಲಿದೆ?

ಅದಕ್ಕಿಂತ ದೊಡ್ಡ ವಿಷಯ, ಆ ಡಿಸ್ಕನ್ನು ಮೊದಲು ಪೂರ್ತಿ ಅಳಿಸಬೇಕು. ಅಜ್ಜನ ತಾಳಮದ್ದಳೆ ಕ್ಯಾಸೆಟ್‌ಗಳನ್ನು ನೀವೇ ಕೂತು ಕಂಪ್ಯೂಟರಿಗೆ ಇಳಿಸಿದ್ದು ಅದರಲ್ಲೇ ಇರುವುದು. ಬೇರೆ ಪ್ರತಿ ಇದೆಯಾ?

ಬೆಂಗಳೂರು ಭಾವ: ಇಲ್ಲ.

ನಾನು: ಅದೇ ನನ್ನ ಹೆದರಿಕೆ. ಕಳೆದ ಮಳೆಗಾಲದಲ್ಲಿ ಅಟ್ಟದಿಂದ ಆಲ್ಬಂ ಇಳಿಸಿದ್ದು ನೆನಪಿದೆಯಾ? ಅಜ್ಜಿಯ ಮದುವೆ ಫೋಟೋ ಪ್ಲಾಸ್ಟಿಕ್ ಹಾಳೆಗೆ ಅಂಟಿತ್ತು. ಮೆಲ್ಲ ಎಬ್ಬಿಸಿದರೂ ಮುಖದ ಅರ್ಧ ಹಾಳೆಯಲ್ಲೇ ಉಳಿಯಿತು. ಕ್ಯಾಸೆಟ್ಟಿಗೂ ಹಾಗಾಗುವುದು ಬೇಡ. ಓಎಸ್ ಯಾವುದೇ ಇರಲಿ, ಮೊದಲು ಒಂದು ಹೊಸ ಯುಎಸ್‌ಬಿ ಡಿಸ್ಕ್ ತಂದು ಎಲ್ಲ ಕಾಪಿ ಮಾಡೋಣ. ದುಡ್ಡು ನಾನು ಕೊಡುತ್ತೇನೆ.

ಪೆರ್ಲ ಅಕ್ಕ: ಎರಡು ಡಿಸ್ಕ್ ಹಾಕಿ ಮಿರರ್ ಮಾಡಿದರೆ, ಅಂದರೆ ಎರಡರಲ್ಲೂ ಅದನ್ನೇ ಇಟ್ಟರೆ, ಸಾಕಲ್ವಾ?

ನಾನು: ಸಾಕಾಗುವುದಿಲ್ಲ ಅಕ್ಕ. ನಮ್ಮ ಮನೆಯಲ್ಲಿ ನಾನು ಅದನ್ನೇ ಮಾಡಿದ್ದೆ. ಒಂದು ದಿನ ಕೈತಪ್ಪಿ ಮಗಳ ಮೊದಲ ಹುಟ್ಟುಹಬ್ಬದ ಫೋಲ್ಡರ್ ಅಳಿಸಿದೆ. ಅದೇ ಕ್ಷಣಕ್ಕೆ ಎರಡೂ ಡಿಸ್ಕಿನಿಂದ ಹೋಯಿತು. ಮಿರರ್ ಇರುವುದು ಡಿಸ್ಕ್ ಕೆಟ್ಟರೆ ಕೆಲಸ ನಿಲ್ಲದಿರಲಿ ಅಂತ. ನಮ್ಮ ತಪ್ಪಿನಿಂದ ಅದು ಕಾಯುವುದಿಲ್ಲ. ಬ್ಯಾಕಪ್ ಬೇರೆಯೇ ಇರಬೇಕು, ಒಂದು ಪ್ರತಿ ಬೇರೆ ಮನೆಯಲ್ಲೂ ಇರಬೇಕು. ಅದು ನಿಮ್ಮಲ್ಲಿ ಇರಲಿ.

ಬೆಂಗಳೂರು ಭಾವ: ಸರಿ, ಒಪ್ಪಿದೆ. ಹಾಗಾದರೆ ಡೆಬಿಯನ್ ಲಿನಕ್ಸ್ ಹಾಕೋಣ, ಬರೀ ಕಮಾಂಡ್ ಲೈನ್ (ಆದೇಶ ಟೈಪ್ ಮಾಡುವ ಪರದೆ). ನಾನು ಇಲ್ಲಿಂದಲೇ ನೆಟ್ಟಿನ ಮೂಲಕ ಎಸ್‌ಎಸ್‌ಎಚ್‌ನಲ್ಲಿ ನೋಡಿಕೊಳ್ಳುತ್ತೇನೆ.

ನಾನು: ಡೆಬಿಯನ್ ಗಟ್ಟಿ, 1993ರಿಂದ ನಡೆದು ಬಂದದ್ದು. ಆದರೆ ಸಿಡಿಲು ಬಂದು ಕರೆಂಟ್ ಹೋಗಿ, ನೆಟ್ ಎರಡು ದಿನ ಇಲ್ಲದಿದ್ದರೆ ನೀವು ಬೆಂಗಳೂರಿನಿಂದ ಏನು ಮಾಡುತ್ತೀರಿ? ಆಗ ಅದರ ಎದುರು ಕೂರುವುದು ಮೂಲಮನೆಯಲ್ಲೇ ಇರುವ ಪುಟ್ಟಿ. ಅವಳನ್ನು ಯಾರೂ ಕೇಳಲೇ ಇಲ್ಲ.

ಪುಟ್ಟಿ: ನಮ್ಮ ಶಾಲೆಯ ಲ್ಯಾಬಿನಲ್ಲಿ ಕೇರಳದ ಶಾಲೆಗಳ ಕೈಟ್ ಲಿನಕ್ಸ್ ಇರುವುದು. ಟರ್ಮಿನಲ್ ಸ್ವಲ್ಪ ಗೊತ್ತು. ಪೈಥಾನ್ ಮಾಡಿದ್ದೇವೆ. ಕಪ್ಪು ಪರದೆ ಮಾತ್ರ ಬಂದರೆ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ ಮಾವ.

ನಾನು: ಕೇಳಿದಿರಾ ಭಾವ? ಕೈಟ್ ಲಿನಕ್ಸ್ ಅಂದರೆ ಉಬುಂಟು ಅನ್ನುವ ಲಿನಕ್ಸಿನಿಂದಲೇ ಮಾಡಿದ್ದು. ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಹಾಗಾಗಿ ಉಬುಂಟು 24.04 ಡೆಸ್ಕ್‌ಟಾಪ್ ಹಾಕೋಣ. 2029ರ ತನಕ ಅಪ್‌ಡೇಟ್ ಬರುತ್ತದೆ. ಸರ್ವರಿಗೆ ಡೆಸ್ಕ್‌ಟಾಪ್ ಯಾಕೆ ಅಂತ ನೀವು ಕೇಳುತ್ತೀರಿ. ಒಂದಿಷ್ಟು ರ‍್ಯಾಮ್ ಜಾಸ್ತಿ ತಿನ್ನುತ್ತದೆ, ನಿಜ. ಆದರೆ ಏನೋ ಕೆಟ್ಟಾಗ ಪುಟ್ಟಿ ಮಾನಿಟರ್ ಹಾಕಿ ನೋಡಿದರೆ ಅವಳಿಗೆ ಗುರುತಿರುವ ಪರದೆ ಬರುತ್ತದೆ. ನನಗೆ ಅದೇ ಮುಖ್ಯ. ಉಬುಂಟು ಹಳೇ ಡಿಸ್ಕನ್ನು ಅಳಿಸದೆ ಹಾಗೇ ಓದುತ್ತದೆ. ಸಾಂಬಾ ಹಾಕಿದರೆ ಮನೆಯವರ ಫೋನು, ಲ್ಯಾಪ್‌ಟಾಪಿಗೆಲ್ಲ ಫೋಲ್ಡರ್ ಕಾಣುತ್ತದೆ. ತಾಳಮದ್ದಳೆ ಕೇಳಲು ಜೆಲ್ಲಿಫಿನ್ ಅನ್ನುವ ತಂತ್ರಾಂಶ ಸಾಕು.

ಬೆಂಗಳೂರು ಭಾವ: ಡೆಸ್ಕ್‌ಟಾಪ್ ಸುಮ್ಮನಿದ್ದರೆ ನಿದ್ದೆಗೆ ಹೋಗುತ್ತದೆ. ಆಗ ಯಾರಿಗೂ ಫೈಲು ಸಿಗುವುದಿಲ್ಲ.

ನಾನು: ಅದು ಸರಿಯಾದ ಮಾತು. ಪುಟ್ಟಿ, ಇದನ್ನು ಬರೆದಿಟ್ಟುಕೋ. ಸೆಟ್ಟಿಂಗ್ಸ್‌ನಲ್ಲಿ ಪವರ್ ತೆರೆದು ತಾನಾಗಿ ಸಸ್ಪೆಂಡ್ ಆಗುವುದನ್ನು ಆಫ್ ಮಾಡಬೇಕು. ಬಯೋಸ್‌ನಲ್ಲಿ (ಓಎಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್), ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗುವ ಹಾಗೆ ಇಡಬೇಕು. ಹೊರಗಿನಿಂದ ನೋಡಲು ರೌಟರಿನಲ್ಲಿ ಪೋರ್ಟ್ (ನೆಟ್ಟಿನಿಂದ ಒಳಬರುವ ಬಾಗಿಲು) ತೆರೆಯಬೇಡ, ನಮ್ಮವರಿಗೆ ಮಾತ್ರ ಖಾಸಗಿ ದಾರಿ ಮಾಡುವ ಟೇಲ್‌ಸ್ಕೇಲ್ ಹಾಕೋಣ. ಅದನ್ನು ಭಾವ ಹೇಳಿಕೊಡಲಿ, ಅದರಲ್ಲಿ ಅವರೇ ನನಗಿಂತ ಮುಂದೆ.

ನೀರ್ಚಾಲು ಚಿಕ್ಕಪ್ಪ: ಕರೆಂಟ್ ಬಿಲ್ಲು ಎಷ್ಟು ಬಂದೀತು?

ನಾನು: 50 ವಾಟ್ ಅಂತ ಹಿಡಿದರೆ ದಿನಕ್ಕೆ 1.2 ಯೂನಿಟ್. ಎರಡು ತಿಂಗಳ ಬಿಲ್ಲಿನಲ್ಲಿ ಸುಮಾರು 72 ಯೂನಿಟ್ ಜಾಸ್ತಿ. ಕಡಿಮೆ ಅಲ್ಲ. ರಾತ್ರಿ ಹತ್ತಕ್ಕೆ ಆಫ್ ಮಾಡಿ ಬೆಳಿಗ್ಗೆ ಹಾಕಿದರೂ ನಮಗೆ ತೊಂದರೆ ಇಲ್ಲ. ಸಿಡಿಲಿನ ದಿನ ಮಾತ್ರ ಪ್ಲಗ್ಗನ್ನೂ ನೆಟ್ಟಿನ ವಯರನ್ನೂ ಎಳೆದುಬಿಡಿ.

ಬೆಂಗಳೂರು ಭಾವ: ಆಯಿತು, ಉಬುಂಟುವೇ ಆಗಲಿ. ಪುಟ್ಟಿ, 8 ಜಿಬಿ ಪೆನ್‌ಡ್ರೈವ್ ಇದೆಯಾ? ಅದಕ್ಕೆ ಉಬುಂಟುವಿನ ಐಎಸ್‌ಒ (ಇನ್‌ಸ್ಟಾಲ್ ಫೈಲು) ಹಾಕುವುದು ಹೇಗೆ ಅಂತ ಸಂಜೆ ವಿಡಿಯೋ ಕಾಲಿನಲ್ಲಿ ತೋರಿಸುತ್ತೇನೆ.

ಪುಟ್ಟಿ: ಇದೆ ಮಾವ. ಆರು ಗಂಟೆಗೆ ಮಾಡಿ.

ನೀರ್ಚಾಲು ಚಿಕ್ಕಪ್ಪ: ಕಾಪಿ ಆಗುವ ತನಕ ಹಳೇ ಡಿಸ್ಕನ್ನು ಯಾರೂ ಮುಟ್ಟಬೇಡಿ. ನಾನು ಚಾವಡಿಯಲ್ಲೇ ಇರುತ್ತೇನೆ. ಆದಿತ್ಯವಾರ ಎಲ್ಲರೂ ಬನ್ನಿ, ಹಲಸಿನ ಹಣ್ಣಿನ ಕೊಟ್ಟಿಗೆ (ಕಡುಬು) ಮಾಡಿಸುತ್ತೇನೆ.